ಜಗಲಿ ಮುಟ್ಟುವ ಸಿಗ್ನಲ್

"ಈ ಮೂರರಲ್ಲಿ ಯಾವುದರ ಸಿಗ್ನಲ್ ನಮ್ಮ ಜಗಲಿಗೆ ಹೋಗೋದಿಲ್ಲ?" ಎಂದು ಲಿಲಿಯನ್ ಕೇಳಿದಾಗ, ಮೂರು ಕಂಪನಿಗಳ ಪ್ಲಾನ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ ಗಂಡ ಆಲ್ಬರ್ಟ್ ಕನ್ನಡಕ ತೆಗೆದು ಅವಳನ್ನೇ ನೋಡಿದ. ಸಕಲೇಶಪುರದಿಂದ ಹೆತ್ತೂರಿನವರೆಗೆ ಇಂಟರ್ನೆಟ್ ಹಾಕಿಸುವವರೆಲ್ಲ ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಎಲ್ಲಿ ಸಿಗುವುದಿಲ್ಲ ಎಂದು ಕೇಳಿದವಳು ಇವಳೊಬ್ಬಳೇ ಇರಬೇಕು.

"ಜಗಲಿಯಲ್ಲಿ ಲಿಂಗಮ್ಮ, ಶೃತಿ ಕೂರ್ತಾರಲ್ಲ ಮಾರಾಯ್ತಿ!"

"ಅದಕ್ಕೇ ಕೇಳಿದ್ದು."

ಬೇಲಿಯಾಚೆಯ ಮನೆಯ ಲಿಂಗಮ್ಮ ಎರಡು ವರ್ಷದಿಂದ ಸಂಜೆಯಾದರೆ ಮಗಳು ಶೃತಿಯನ್ನು ಕರೆದುಕೊಂಡು ಬರುತ್ತಿದ್ದಳು. ಮಗಳು ಜಗಲಿಯ ಒಂದು ತುದಿಯಲ್ಲಿ ಬ್ಯಾಂಕ್ ಪರೀಕ್ಷೆಯ ಆನ್‌ಲೈನ್ ಪಾಠ ಕೇಳುವಳು, ತಾಯಿ ಇನ್ನೊಂದು ತುದಿಯಲ್ಲಿ ಮೊರ ಹಿಡಿದು ಅವರೆಕಾಯಿ ಸುಲಿಯುವಳು. ಲಿಲಿಯನ್ ನಡುವೆ ಕೂತು ಊರ ಸುದ್ದಿಗೆಲ್ಲ ಉಪ್ಪುಖಾರ ಹಚ್ಚುವಳು. ಅದೇ ಹೊತ್ತಿಗೆ ಕುವೈತಿನಲ್ಲಿ ನರ್ಸ್ ಆಗಿರುವ ಮಗಳು ಶೆರಿಲ್ ವಿಡಿಯೋ ಕಾಲ್ ಮಾಡಿದರೆ ಮಾತ್ರ, ಅವಳ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ನೆಟ್ಟನ್ನೆಲ್ಲ ಶೃತಿಯೇ ಎಳೆದುಕೊಂಡರೆ ತನಗೇನು ಉಳಿದೀತು ಎಂದು ಲಿಲಿಯನ್‌ಗೆ ಒಳಗೊಳಗೇ ಉರಿ. ಬರಬೇಡಿ ಎನ್ನಲು ಬಾಯಿ ಬಾರದು. ಕ್ರಿಸ್‌ಮಸ್ಸಿಗೆ ಇಲ್ಲಿಂದ ಕುಸ್ವಾರ್ ತಿಂಡಿಯ ತಟ್ಟೆ, ಯುಗಾದಿಗೆ ಅಲ್ಲಿಂದ ಹೋಳಿಗೆ ಬೇಲಿ ದಾಟುತ್ತಿದ್ದ ಮನೆಗಳು ಅವು.

"ಈಗಿರೋ ಕೇಬಲ್ ಧರ್ಮನದೇ ಇರಲಿ ಬಿಡು," ಎಂದ ಆಲ್ಬರ್ಟ್. "ಸಿಲ್ವರ್ ಮರಕ್ಕೆ ಕಟ್ಟಿದ ವೈರು, ಕೊಂಬೆ ಬಿದ್ದರೆ ಹೋಗುತ್ತೆ ನಿಜ. ಆದರೆ ಕರೆದರೆ ಬರ್ತಾನೆ. ತಾರಸಿ ಮೇಲೆ ಡಬ್ಬ ಇಡೋದು ಮಂಜು ಕವಿದರೆ ಮಲಗುತ್ತಂತೆ. ಈ ಹೊಸ ಕಂಪನಿಯದು ಸ್ಪೀಡೇನೋ ಜೋರು, ಆದರೆ ಅವರು ಕೊಡೋ ವೈಫೈ ಡಬ್ಬ ಚಿಕ್ಕದು. ನಮ್ಮ ಕಲ್ಲುಗೋಡೆ ದಾಟಲ್ಲ."

"ಹಾಗಾದರೆ ಅದೇ ಆಗಲಿ."

ಧರ್ಮ ಬಂದು ತನ್ನ ಡಬ್ಬ ಬಿಚ್ಚಿಕೊಂಡು ಹೋದ. ಹೊಸದರ ವೈರು ಹಿತ್ತಲ ಕಂಬದಿಂದ ಬಂತು. ಒಳಮನೆಯಲ್ಲಿ ಇದ್ದ ಒಂದೇ ಪ್ಲಗ್ ದೇವರ ಪೀಠದ, ಅಂದರೆ ಆಲ್ತಾರಿನ ಕೆಂಪು ಬಲ್ಬಿನದು, ಹಾಗಾಗಿ ಹೊಸ ಡಬ್ಬವೂ ಯೇಸುವಿನ ಪಟದ ಕೆಳಗೇ ಕೂತಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಮುಗಿಯಿತು ಎಂದುಕೊಂಡಳು ಲಿಲಿಯನ್.

ಆ ಸಂಜೆ ಶೃತಿ ಫೋನನ್ನು ಅತ್ತ ಇತ್ತ ತಿರುಗಿಸಿ, "ನೆಟ್ಟೇ ಬರ್ತಿಲ್ವಲ್ಲ ಆಂಟಿ," ಎಂದಳು.

"ತೆಗೆಸಿಬಿಟ್ಟೆವು ಕಣಮ್ಮ. ಪೂರೈಸೋದಿಲ್ಲ."

ಒಳಗೆ ಆಲ್ಬರ್ಟ್ ಕೆಮ್ಮಿದ. ಲಿಂಗಮ್ಮ ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಅಯ್ಯೋ, ಶೆರಿಲ್ ಮುಖ ಹೆಂಗ್ ನೋಡ್ತೀರಕ್ಕ ಇನ್ನ?" ಎಂದಳು. ಮಗಳ ಪಾಠ ಏನಾಗಬೇಕು ಎಂದು ಮಾತ್ರ ಕೇಳಲಿಲ್ಲ.

ಮರುದಿನದಿಂದ ಜಗಲಿ ಖಾಲಿ. ಶೆರಿಲ್ಲಳ ಮುಖ ಈಗ ಎಲ್ಲೂ ನಿಲ್ಲುತ್ತಿರಲಿಲ್ಲ, ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಆದರೆ ಊಟ ಆಯ್ತಾ, ನಿದ್ದೆ ಬಂತಾ ಎಂದ ಮೇಲೆ ಮಾತೇ ಹುಟ್ಟುತ್ತಿರಲಿಲ್ಲ. "ಏನ್ ಮಮ್ಮಿ, ಊರಲ್ಲಿ ಸುದ್ದಿಯೇ ಇಲ್ವಾ? ಲಿಂಗಮ್ಮಕ್ಕ ಎಲ್ಲಿ?" ಎಂದು ಮಗಳು ಕೇಳಿದಾಗ ಲಿಲಿಯನ್ ಒಲೆಯ ಮೇಲೆ ಹಾಲಿದೆ ಎಂದು ಕಾಲ್ ಮುಗಿಸಿದಳು. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಅನ್ನಿಸದ ಸಂಜೆಯಿಲ್ಲ. ಹೋಗಿ ಕರೆಯೋಣವೆಂದರೆ ಸುಳ್ಳನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಇನ್ನೊಂದನ್ನು ಹೇಳಬೇಕು. ನಾಳೆ ಹೋದರಾಯಿತು ಎನ್ನುತ್ತ ದಿನ ದೂಡಿದಳು.

ಹಾಗೇ ಒಂದು ಸಂಜೆ ಅವಳು ತಲೆಗೆ ಶಾಲು ಹೊದ್ದು ಆಲ್ತಾರಿನ ಮುಂದೆ ಜಪಮಾಲೆ ಹಿಡಿದು ಕೂತಿದ್ದಾಗ ಜಗಲಿಯಿಂದ ಕೂಗು ಕೇಳಿಸಿತು. "ಲಿಲ್ಲಿಯಕ್ಕಾ! ಒಳೀಕ್ ಬರ್ಲಾ?"

ಎದುರಿಗೆ ಹೊಸ ಡಬ್ಬ ಹಸಿರು ದೀಪ ಮಿಣುಕಿಸುತ್ತಿತ್ತು. ಲಿಲಿಯನ್ ತಲೆಯ ಶಾಲನ್ನು ಎಳೆದು ಅದರ ಮೇಲೆ ಹಾಕಿ, "ಬೇಡ, ಬೇಡ, ನಾನೇ ಬಂದೆ," ಎನ್ನುತ್ತ ಹೊರಗೋಡಿದಳು. ಯೇಸು ನೋಡುತ್ತಿದ್ದ.

"ನಾವೂ ನೆಟ್ ಹಾಕ್ಸ್‌ಬುಟ್ವಿ ಅಕ್ಕ," ಎಂದಳು ಲಿಂಗಮ್ಮ, ಮುಖದ ತುಂಬ ನಗು. "ಶೃತಿ ಮೂರ್ ಕಂಪ್ನಿದೂ ವಿಚಾರ್ಸಿದ್ಲು. ಇದು ಸ್ಪೀಡು, ಅದು ಅಗ್ಗ ಅಂತ ಏನೇನೋ ಅಂದ್ಲು. ನಾನಂದೆ, ಸ್ಪೀಡು ಗೀಡು ನಂಗೊತ್ತಿಲ್ಲ ಕಣೇ, ಯಾವ್ದು ಲಿಲ್ಲಿಯಕ್ಕನ ಜಗಲಿ ಮುಟ್ತೈತೋ ಅದ್ನೇ ಹಾಕ್ಸು ಅಂತ. ನಿಮ್ಮನೆಯಿಂದ ಬಿಚ್ಕಂಡ್ ಬಂದ ಡಬ್ಬನೇ ಐತೆ, ಕಿಟಕೀಲಿಟ್ರೆ ಬೇಲಿ ದಾಟ್ತೈತೆ ಅಂದ ಧರ್ಮ. ಕೊಡಿ ಫೋನು, ಪಾಸ್‌ವರ್ಡು ನಂಗೆ ಬಾಯ್ಪಾಠ ಆಗೈತೆ."

ಜಗಲಿಗೆ ಬಂದಿದ್ದ ಲಿಲಿಯನ್ನಳ ಫೋನಿನಲ್ಲಿ ಅವಳದೇ ನೆಟ್ ಇರಲಿಲ್ಲ. ಲಿಂಗಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಲಿಲಿಯನ್ ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಾಯಿತು. ಶೆರಿಲ್.

"ತಗಳಿ, ಬೇಕಾದಷ್ಟು ಮಾತಾಡಿ," ಎಂದು ಲಿಂಗಮ್ಮ ಫೋನನ್ನು ಅವಳ ಕೈಗಿಟ್ಟಳು. "ಮೊದ್ಲೆಲ್ಲ ನಮ್ಮಿಂದ್ಲೇ ಅದ್ರ ಮುಖ ನಿಂತೋಯ್ತಿತ್ತಂತೆ, ಶೃತಿ ಈಗ ಹೇಳ್ತಾಳೆ. ಅದ್ಕೆ ನೀವ್ ಮಾತಾಡೋಗಂಟ ಪಾಠ ಆಫ್ ಮಾಡ್ಕಂಡ್ ಮನೇಲೇ ಕುಂತವ್ಳೆ."

ಶೆರಿಲ್ ಎಡೆಬಿಡದೆ ಮಾತಾಡುತ್ತಿದ್ದಳು. ಈ ಸಲ ಬಾಯಿ ತೆರೆದಲ್ಲೇ ನಿಂತದ್ದು ಲಿಲಿಯನ್ನಳ ಮುಖ.