ನಿರ್ದೋಷ ರಕ್ತ

ಮುಳುಗಿದ ಭೂಮಿಯನ್ನು ಕೋರೆಯ ಮೇಲೆ ಹೊತ್ತು ತಂದ ಆದಿವರಾಹನಿಗೆ ನಮಸ್ಕಾರ. ಲೋಕವು ಯಾವ ರೂಪವನ್ನು ಕಂಡು ಹೇಸುವುದೋ ಆ ರೂಪದಿಂದಲೇ ಲೋಕವನ್ನು ಕಾದ ಸ್ವಾಮಿಯು, ಹೇಳುವ ನಾಲಗೆಯನ್ನೂ ಕೇಳುವ ಕಿವಿಯನ್ನೂ ಕಾಯಲಿ.

ಮೇಧಾ ಸೂಜಿಯನ್ನು ಹಂದಿಯ ಕುತ್ತಿಗೆಗೆ ಇಳಿಸಿದಳು. ಹಂದಿ ಕಿರುಚಿತು. ಸಿರಿಂಜಿನೊಳಗೆ ರಕ್ತ ಏರಿತು.

“ನಿಧಾನ ಕಣವ್ವ, ಅದೂ ಬಸ್ರಿ,” ಎಂದಳು ದೊಡ್ಡಿಯ ಒಡತಿ ಮುನಿಲಕ್ಷ್ಮಮ್ಮ.

ಮೇಧಾ ಪಶುವೈದ್ಯೆ, ಐದು ತಿಂಗಳ ಗರ್ಭಿಣಿ. ಮಲ್ಲತ್ತಹಳ್ಳಿಯ ಕೆರೆಯಂಚಿನ ಈ ದೊಡ್ಡಿಯ ಬೆನ್ನಿಗೇ ಅವಳ ಮನೆ. ಹೋದ ವರ್ಷ ಅದೇ ಮನೆಯಲ್ಲಿ ಅವಳ ಓರಗಿತ್ತಿ ಚೈತನ್ಯಾ, ತುಂಬು ಗರ್ಭಿಣಿ, ಕಾಮಾಲೆಯಿಂದ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಹೆಪಟೈಟಿಸ್ ಇ ಎಂದಿದ್ದರು ವೈದ್ಯರು. ಯಕೃತ್ತನ್ನು ಹಾಳುಗೆಡವುವ ವೈರಸ್. ಗರ್ಭಿಣಿಯರ ವಿಷಯದಲ್ಲಿ ಅದಕ್ಕೆ ದಯೆಯೇ ಇಲ್ಲ. ಅದು ಹಂದಿಗಳ ಒಡಲಿನಲ್ಲಿಯೂ ವಾಸಿಸಬಲ್ಲದೆಂದು ಮೇಧಾ ಬಲ್ಲಳು. ಇನ್ನೇನು ಬೇಕು? ತನ್ನ ಮಗು ಹುಟ್ಟುವ ಮುನ್ನ ಈ ದೊಡ್ಡಿ ಇಲ್ಲಿಂದ ತೊಲಗಬೇಕು.

“ನಿಮ್ಮನೇಲಿ ಸಾವಾಯ್ತು, ನನ್ ಹಂದಿ ಮೇಲೆ ಕಣ್ಣು ಬಿತ್ತು,” ಎಂದಳು ಮುನಿಲಕ್ಷ್ಮಮ್ಮ. “ಕೆರೆ ಸುತ್ತ ನೂರೆಂಟು ಮನೆ ಎದ್ದವೆ, ಅವರ ಕಕ್ಕಸಿನ ನೀರೆಲ್ಲ ಕೆರೆಗೇ ಬೀಳ್ತದೆ. ಅವರ್ನ ಯಾರೂ ಕೇಳಲ್ಲ. ಹಂದಿಗೆ ಬಾಯಿಲ್ಲ ನೋಡು, ಅದ್ಕೇ.”

ಮೇಧಾ ಉತ್ತರಿಸಹೊರಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆಗೆ ಓಡಿದಳು.

“ವಾಂತೀನಾ? ನಮ್ ದೊಡ್ಡಿಗೆ ಬಂದ್ರೆ ಗಂಡಸ್ರೂ ಬಸ್ರಿ ಆಗ್ತಾರೆ ಕಣವ್ವ!” ಮುದುಕಿ ನಕ್ಕಳು. ಆದರೂ ಅವಳ ಕಣ್ಣು ರಕ್ತದ ನಳಿಕೆಗಳ ಮೇಲೆಯೇ ಇತ್ತು.

ಮನೆಯಲ್ಲಿ ಚೈತನ್ಯಾ ಇನ್ನೂ ಇದ್ದಳು. ಫೋಟೋದಲ್ಲಿ ಮಾತ್ರವಲ್ಲ. ಒಗ್ಗರಣೆಯ ಘಾಟಿಗೆ ಅವಳು ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದ ಬಾಗಿಲಲ್ಲಿಯೇ ಈಗ ಮೇಧಾ ನಿಲ್ಲುವಳು. ಅನ್ನವನ್ನು ತಳ್ಳಿ ಅವಳು ಒರಗುತ್ತಿದ್ದ ಗೋಡೆಗೇ ಒರಗುವಳು. ಯಾರೋ ಹಿಂದಿನಿಂದ ಹೆಗಲು ಹಿಡಿದು ಅಲ್ಲಲ್ಲಿಯೇ ನಿಲ್ಲಿಸುತ್ತಿರುವಂತೆ. ಕೆರೆಯ ಮಗ್ಗುಲ ನೆಲದಡಿಯ ಸಂಪಿನ ನೀರು ತುಂಬಿಟ್ಟುಕೊಳ್ಳುತ್ತಿದ್ದ ಅವಳ ತಾಮ್ರದ ಚೊಂಬೂ ಈಗ ಮೇಧಾಳದಾಗಿತ್ತು.

“ಬಸುರಿ ಅಂದ್ರ ಹಿಂಗ ಇರ್ತೈತಿ ತಂಗಿ,” ಎನ್ನುತ್ತಿದ್ದಳು ಅತ್ತೆ ಶಿವಕ್ಕ. “ಒಂದು ಗುಟುಕು ನೀರು ಕುಡಿ.”

ಮೇಧಾ ಕುಡಿಯುತ್ತಿದ್ದಳು. ಬೆನ್ನ ಹಿಂದೆ ಯಾರೋ ಬೇಡವೆಂದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ.

ಕೆಂಗೇರಿಯಾಚೆಯ ಪ್ರಯೋಗಾಲಯದಲ್ಲಿ ಅವಳ ಸಹಾಯಕ ಕೊಟ್ರೇಶ್ ನಳಿಕೆಗಳನ್ನು ಯಂತ್ರದೊಳಗಿಟ್ಟನು. ವೈರಸ್ಸಿನ ಲವಲೇಶವಿದ್ದರೂ ಆ ಯಂತ್ರ ಅದನ್ನು ಹಿಗ್ಗಿಸುವುದು. ಪರದೆಯ ಮೇಲೆ ಗೆರೆಯೊಂದು ಏರುವುದು. ಹಂದಿಗಳ ನಳಿಕೆಗಳ ಪಕ್ಕದಲ್ಲಿ ಇನ್ನೆರಡು ಸಾಕ್ಷಿಗಳು ಇರಲೇಬೇಕು. ಒಂದರಲ್ಲಿ ಬರಿಯ ನೀರು. ಇನ್ನೊಂದರಲ್ಲಿ, ರೋಗವಿಲ್ಲವೆಂದು ಖಚಿತವಾಗಿ ತಿಳಿದ ನಿರ್ದೋಷ ರಕ್ತ. ಪರೀಕ್ಷೆ ನಡೆಸುವವರೇ ಅದನ್ನು ಒದಗಿಸಬೇಕೆಂಬುದು ಅಲ್ಲಿಯ ರೂಢಿ. ಈ ಸಾಕ್ಷಿಗಳಲ್ಲಿ ಯಾವುದರ ಗೆರೆ ಎದ್ದರೂ ಇಡೀ ಪರೀಕ್ಷೆ ಅಸಿಂಧು.

ಒಂದು ಗೆರೆ ಎದ್ದಿತು.

ಹಂದಿಗಳದಲ್ಲ. ಅವೆಲ್ಲವೂ ನೆಲಕ್ಕಂಟಿ ಮಲಗಿದ್ದವು. ನೀರಿನದೂ ಅಲ್ಲ. ಎದ್ದದ್ದು ನಿರ್ದೋಷ ರಕ್ತದ ಗೆರೆ.

“ಮೇಡಂ, ಹಂದಿಯೆಲ್ಲ ಸ್ವಚ್ಛ ಅದಾವ. ಈ ಟ್ಯೂಬಿಗಷ್ಟ ದೆವ್ವ ಹೊಕ್ಕೈತಿ!” ಎಂದು ಕೊಟ್ರೇಶ್ ನಕ್ಕನು.

ಮೇಧಾ ನಗಲಿಲ್ಲ. “ಎಲ್ಲೋ ಹಂದಿ ರಕ್ತ ಹೀರಿದ ಪಿಪೆಟ್ಟನ್ನು ಇದಕ್ಕೂ ತಗುಲಿಸಿದ್ದೀರಿ.”

“ಯಾವ ಹಂದ್ಯಾಗೂ ಇಲ್ಲದ್ದು ನನ್ನ ಪಿಪೆಟ್ಟಿಗೆ ಎಲ್ಲಿಂದ ಬರ್ತೈತ್ರೀ?”

ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಕ್ಷಿ ಸುಳ್ಳಾಡಿದರೆ ಪರೀಕ್ಷೆಯನ್ನು ಎಸೆದುಬಿಡು. ಅವಳು ಕಲಿತ ವಿದ್ಯೆ ಅಷ್ಟನ್ನೇ ಹೇಳುತ್ತಿತ್ತು. ಇದರೊಳಗೆ ಇನ್ನೊಂದು ದನಿಯೂ ಸೇರಿತ್ತು. ಚೈತನ್ಯಾ ಒಪ್ಪುತ್ತಿಲ್ಲ. ಹಂದಿಗಳು ಸುಲಭವಾಗಿ ಪಾರಾಗುವುದನ್ನು ಅವಳು ತಡೆಯುತ್ತಿದ್ದಾಳೆ.

ಮೇಜು, ಉಪಕರಣ ಎಲ್ಲವನ್ನೂ ಬ್ಲೀಚಿನಿಂದ ತೊಳೆಸಿದಳು. ಹೊಸ ದ್ರಾವಣ, ಹೊಸ ನಳಿಕೆಗಳು. ಮರುವಾರ ದೊಡ್ಡಿಯಿಂದ ಮತ್ತೆ ರಕ್ತ ತಂದಳು. ಮಲದ ಮಾದರಿಯನ್ನೂ ತಂದಳು. ನಿರ್ದೋಷ ರಕ್ತವನ್ನೂ ಹೊಸದಾಗಿ ತೆಗೆದಳು. ಮೆಟ್ಟಿಲು ಹತ್ತುವಾಗ ಕಾಲು ಸೋತಿತು. ಕಂಬ ಹಿಡಿದು ನಿಂತಳು. ಒಳಗೆ ಮಗು ಒಮ್ಮೆ ಹೊರಳಿತು.

“ಇನ್ನು ಸ್ವಲ್ಪವೇ ದಿನ, ಕಂದಾ,” ಎಂದಳು. “ಆಮೇಲೆ ನಿನಗೆ ಯಾವ ಭಯವೂ ಇಲ್ಲ.”

ಹಂದಿಗಳ ಗೆರೆಗಳು ಮಲಗಿಯೇ ಇದ್ದವು. ನೀರಿನದೂ ಮಲಗಿತ್ತು. ಆ ಒಂದೇ ಗೆರೆ, ಮೊದಲ ಸಲಕ್ಕಿಂತ ಬೇಗನೆ, ಹೆಡೆಯೆತ್ತಿದಂತೆ ನೆಟ್ಟಗೆ ಎದ್ದಿತು.

ಕೊಟ್ರೇಶ್ ಈ ಸಲ ನಗಲಿಲ್ಲ. “ಇದು ತಪ್ಪಲ್ಲ ಮೇಡಂ. ಕ್ಲೀನ್ ಐತಿ ಅಂತ ಯಾವುದರ ರಕ್ತ ಹಾಕೀರಿ, ಅದಕ್ಕ ರೋಗ ಐತಿ. ಮೊದಲಿಗಿಂತ ಈಗ ಜಾಸ್ತಿ ಆಗೇತಿ. ಯಾವ ಹಂದಿ ಅಂತ ಹೇಳ್ರಿ, ಇವತ್ತ ಬ್ಯಾರೆ ಕಟ್ಟಿಸೋಣು.”

ಮೇಧಾ ಬಿಳಿಯ ಕೋಟಿನ ಎಡದೋಳನ್ನು ಮೆಲ್ಲನೆ ಮೇಲಕ್ಕೆ ಸರಿಸಿದಳು. ಮೊಣಕೈಯ ಮಡಿಕೆಯಲ್ಲಿ ಸೂಜಿಯ ಎರಡು ಗುರುತುಗಳಿದ್ದವು. ಒಂದು ಮಾಸಿದ್ದು, ಒಂದು ಆ ಬೆಳಗಿನದು.

ಇದನ್ನು ಕೇಳಿದವರೆಲ್ಲರ ಮನೆಯ ನೀರು ನಿರ್ಮಲವಾಗಿರಲಿ. ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಮುಟ್ಟಲಿ. ಒಡಲೊಳಗಿನ ಎಲ್ಲ ಕೂಸುಗಳೂ ತಾಯ ಮುಖವನ್ನು ಕಾಣಲಿ.