ಹೆಂಚಿನ ಮನೆ

ಮಧ್ಯಾಹ್ನ ಹನ್ನೆರಡಕ್ಕೆ ಆ ಆನ್‌ಲೈನ್ ಆಟವನ್ನು ಕಂಪನಿ ಶಾಶ್ವತವಾಗಿ ಮುಚ್ಚುವುದಿತ್ತು. ಇನ್ನೇನು ಹೊತ್ತಾಯಿತು ಅನ್ನುವಾಗ ಓಕ್‌ರಾನ್ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಕಲೆಸುತ್ತಿದ್ದ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕ ಕೂತಳು. "ಎಲ್ರೀ, ತೋರ್ಸಿ ನಿಮ್ಮ ಆ ಮನೇನ" ಎಂದಳು. ಇಷ್ಟು ವರ್ಷ ಬರೀ ಹಂಗಿಸಿದವಳು ಕೇಳಿದ್ದು ಇದೇ ಮೊದಲು.

ಬ್ಯೊಂಗ್‌ಚೊಲ್ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. ಕೊರಿಯಾದ ಸೋಲ್ ನಗರದ ಈ ನೆಲಮಾಳಿಗೆಯ ಬಾಡಿಗೆ ಕೋಣೆಯಲ್ಲಿ ಕೂತು ಅವನು ಆಟದೊಳಗೆ ಕಟ್ಟಿದ್ದ ಹೆಂಚಿನ ಮನೆ ಪರದೆಯ ಮೇಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅವನ ಹೆಸರಲ್ಲಿದ್ದ ಮನೆ ಅದೊಂದೇ.

"ದುಡ್ಡು ಕೊಟ್ಟೇ ತಗೊಂಡಿದ್ದಲ್ವಾ? ಹೇಗ್ರೀ ಕಿತ್ಕೋತಾರೆ?"

"ಅವ್ರು ಮಾರೇ ಇಲ್ವಂತೆ ಕಣೇ. ಇರೋಕೆ ಬಿಟ್ಟಿದ್ರಂತೆ, ಅಷ್ಟೇ."

"ಅಲ್ಲೂ ಬಾಡಿಗೆಯವ್ರೇ ಅನ್ನಿ." ಅವಳು ನಗಲಿಲ್ಲ. ಕುತ್ತಿಗೆ ಚಾಚಿ ನೋಡಿದಳು. "ಅಡುಗೆಮನೆಗೆ ಕಿಟಕಿ ಇದ್ಯಾ?"

"ಎರಡಿವೆ. ಬಾ, ಒಳಗೆ ಹೋಗಿ ಎಡಕ್ಕೆ ತಿರುಗಿದ್ರೆ..." ಅವನು ಬಾಗಿಲು ತೆರೆಯುತ್ತಿದ್ದಂತೆ ಹನ್ನೆರಡಾಗಿ ಪರದೆ ಕಪ್ಪಾಯಿತು. ಅದರ ಮೇಲೆ ಒಂದು ಸಾಲು ಮೂಡಿತು: ಸಂಪರ್ಕ ತಪ್ಪಿದೆ, ನಿಮ್ಮ ವೈರ್ ಸರಿಯಾಗಿದೆಯೇ ನೋಡಿ.

ಓಕ್‌ರಾನ್ ಅದನ್ನು ಓದಿದವಳೇ ಮೇಜಿನಡಿ ಬಗ್ಗಿ ಒಂದೊಂದೇ ವೈರನ್ನು ಒತ್ತತೊಡಗಿದಳು. "ಈಗ ಬಂತೇನ್ರೀ?"

ಬ್ಯೊಂಗ್‌ಚೊಲ್ ಕಪ್ಪು ಪರದೆಯನ್ನೇ ನೋಡುತ್ತಿದ್ದ.

"ಇಲ್ಲ," ಎಂದ. "ಇನ್ನೊಂದ್ಸಲ ಒತ್ತು."