ಕುರ್ತಕೋಟಿಯಿಂದ ನೋಡಾಕ ಬಂದವರು

ಗುಂಡಿಯ ಮೇಲೆ ತಾಡಪತ್ರಿ ಎಳೆದು, ಅದರ ಮೇಲೆ ಜೋಳದ ಕಣಿಕೆ ಒಟ್ಟಿ, ಸಕ್ರಪ್ಪ ಮೂಗೆತ್ತಿ ಗಾಳಿ ನೋಡಿದ. ಸಾಲದೆಂದು ಇಡೀ ಪಾಕೀಟು ಊದಿನಕಡ್ಡಿ ಹಚ್ಚಿದ.

“ಈ ಗುಂಡಿ ಅವರ ಕಣ್ಣಿಗೆ ಬಿದ್ದು ಸಂಬಂಧ ತಪ್ಪಿತೋ, ನಾಳಿಗೇ ಮಣ್ಣು ಹಾಕಿ ಮುಚ್ಚತೇನಿ.”

“ಆಮ್ಯಾಲೆ ಎಮ್ಮಿ ತೊಳದ ನೀರು ನಿನ್ನ ಹಾಸಿಗ್ಯಾಗ ಬಿಡ್ಲೇನು ಯಪ್ಪಾ?” ಎಂದಳು ಮಗಳು ಅನ್ನಪೂರ್ಣ. ನಗಲಿಲ್ಲ.

ಶಿಗ್ಲಿಯಲ್ಲಿ ಎಮ್ಮೆ ಕಟ್ಟಿದವರೆಲ್ಲ ಕೊಟ್ಟಿಗೆಯ ಸಗಣಿ ನೀರನ್ನು ಓಣಿಗೆ ಬಿಟ್ಟು ಬೈಸಿಕೊಳ್ಳುತ್ತಿದ್ದಾಗ, ಅವಳು ಅದನ್ನು ತಾನೇ ಕಟ್ಟಿದ ಹೆಂಡಿ ಗುಂಡಿಗೆ ಹರಿಸಿದ್ದಳು. ಗ್ಯಾಸು ಒಲೆಗೆ, ಕಪ್ಪು ರಾಡಿ ಮೆಣಸಿನ ಗಿಡಕ್ಕೆ, ಮರಳಲ್ಲಿ ಸೋಸಿದ ನೀರು ಮೇವಿನ ಹುಲ್ಲಿಗೆ. ಮನೆಗೆ ಒಂದೂ ಗಂಡು ಬಾರದ್ದಕ್ಕೆ ಅಪ್ಪನ ಪ್ರಕಾರ ಅದೇ ಕಾರಣ.

ನಿನ್ನೆ ಕುರ್ತಕೋಟಿಯಿಂದ ಫೋನು ಬಂದಿತ್ತು. “ನಿಮ್ಮನಿದು ಭಾಳ ಕೇಳೇವ್ರಿ. ನಾಳೆ ನೋಡಾಕ ಬರ್ತೀವಿ. ಮನಸಿಗೆ ಬಂದ್ರ ಮಾಡ್ಕೊಂಡಬಿಡ್ತೀವಿ.” ಇಷ್ಟು ನೇರ ಮಾತಿನ ಬೀಗರು ಯಾರಿಗೆ ಸಿಗುತ್ತಾರೆ?

ಬಂದರು. ಅಮೃತವ್ವ, ಮಗ ಹೊನ್ನೇಶ, ಜೊತೆಗೆ ರೇಷ್ಮಾ ಎಂಬೊಬ್ಬಳು. ಹುಡುಗನ ಅಕ್ಕ ಇರಬೇಕು.

ಅಮೃತವ್ವ ಪಡಸಾಲೆಯಲ್ಲಿ ಕೂತವಳೇ ಮೂಗರಳಿಸಿದಳು. “ವಾಸನೀನ ಇಲ್ಲಲ್ರಿ ಯಣ್ಣಾ!”

“ನಮ್ಮದು ಸ್ವಚ್ಛ ಮನಿತನರಿ,” ಎಂದು ಸಕ್ರಪ್ಪ ಬೀಗಿದ.

“ಎಷ್ಟು ಹಾಕ್ತೀರಿ?”

ಬಂಗಾರದ ಮಾತು ಚಹಾಕ್ಕಿಂತ ಮೊದಲೇ ಬಂತು. “ಕೈಲಾದಷ್ಟು ಹಾಕ್ತೀವ್ರಿ.”

“ಹಂಗಂದ್ರ ನಡಿಯೂದಿಲ್ರಿ. ಕಡಿಮಿ ಹಾಕಿದ್ರ ಒಲಿ ಹತ್ತೂದಿಲ್ಲಂತ.”

ಇಷ್ಟು ನಗುನಗುತ್ತ ಬೆದರಿಸುವವರನ್ನು ಸಕ್ರಪ್ಪ ಕಂಡಿರಲಿಲ್ಲ.

ಅನ್ನಪೂರ್ಣ ಉಪ್ಪಿಟ್ಟು ತಂದಿಟ್ಟಳು. ಹೊನ್ನೇಶ ತಟ್ಟೆ ಮುಟ್ಟಲಿಲ್ಲ. “ಎಲ್ಲಾ ನೀವಾ ಮಾಡಿದ್ದಂತಲ್ರಿ, ಖರೇನಾ?”

“ಆಕೀನ ಮಾಡ್ಯಾಳ್ರಿ,” ಎಂದು ಸಕ್ರಪ್ಪ ಅವಸರದಿಂದ ನಡುವೆ ಬಂದ. “ಒಗ್ಗರಣಿ ಸೈತ ಯಾರಿಗೂ ಮುಟ್ಟಗೊಡಲಿಲ್ಲ.”

ಹೊನ್ನೇಶ ಅವ್ವನ ಮುಖ ನೋಡಿದ. ಅವ್ವ ರೇಷ್ಮಾಳ ಮುಖ ನೋಡಿದಳು. ರೇಷ್ಮಾ ಕಿಟಕಿಯಾಚೆ ಹಿತ್ತಲಲ್ಲಿ ಏನನ್ನೋ ಹುಡುಕುತ್ತಿದ್ದಳು. ಸಂಬಂಧ ಜಾರುತ್ತಿದೆ ಎಂದು ಸಕ್ರಪ್ಪನಿಗೆ ಖಾತ್ರಿಯಾಯಿತು.

“ಕೇಳಿದಷ್ಟು ಬಂಗಾರ ಹಾಕ್ತೇನ್ರಿ!” ಎಂದುಬಿಟ್ಟ. “ಹುಡುಗಿ ಮನಸಿಗೆ ಬಂದಳೋ ಇಲ್ಲೋ, ಅಷ್ಟು ಹೇಳಿಬಿಡ್ರಿ.”

ಅಮೃತವ್ವ ಬಾಯಿಗೆ ಸೆರಗು ಹಿಡಿದಳು. “ಅಯ್ಯ ಯಣ್ಣಾ, ಸೊಸಿ ಇಲ್ಲೇ ನನ್ನ ಮಗ್ಗಲದಾಗ ಕುಂತಾಳಲ್ರಿ! ನಾವು ನೋಡಿ ಮಾಡ್ಕೊಳ್ಳಾಕ ಬಂದದ್ದು ನಿಮ್ಮ ಮಗಳು ಕಟ್ಟಿದ ಹೆಂಡಿ ಗುಂಡಿ. ಅದನ್ನ ಎಲ್ಲಿ ಮುಚ್ಚಿಟ್ಟೀರಿ?”